ಹಸಿರು ವಲಯದ ದೇವರು

ಜೀಪು ಕೆರೆಯ ತಿರುವು ದಾಟುವುದರೊಳಗೆ ಬಟ್ಟೆ ಒಗೆಯುವ ಕಲ್ಲು ದೇವರಾಗಬೇಕಿತ್ತು.

ಯಂಕಪ್ಪ ಅದನ್ನು ಬೇವಿನ ಮರದ ಬುಡಕ್ಕೆ ಉರುಳಿಸಿ ನಿಲ್ಲಿಸಿದ. ತೊಳೆದು ವಿಭೂತಿ ಬಳಿದ. ಹೆಂಡತಿ ಮಲಕವ್ವ ಸಾಯುವವರೆಗೂ ಬಟ್ಟೆ ಒಗೆದ ಕಲ್ಲು ಅದು. ಶಿವಪೂಜೆ ಮಾಡದೆ ಬಾಯಿಗೆ ನೀರು ಹಾಕದ ಮನುಷ್ಯ ಅವನು. ದೇವರ ಹೆಸರಿನಲ್ಲಿ ಮೋಸಕ್ಕಿಳಿದದ್ದು ಇದೇ ಮೊದಲು.

ಹೆಬ್ಬಗೋಡಿಯ ಅಂಚಿನ ಆ ಹೊಲ ಸರಕಾರದ ನಕ್ಷೆಯಲ್ಲಿ ಹಸಿರು ವಲಯ. ಅಲ್ಲಿ ಮನೆ ಕಟ್ಟುವಂತಿರಲಿಲ್ಲ. ಆದರೆ ಕಾರ್ಖಾನೆಗಳಿಗೆಂದು ಬಂದ ಜನ ಎಲ್ಲಾದರೂ ಮಲಗಬೇಕಲ್ಲ. ಅಕ್ಕಪಕ್ಕದವರಂತೆ ಹೊಲದ ಒಡೆಯ ಚಿಕ್ಕಬೈರಪ್ಪನೂ ಶೀಟು ಹೊದಿಸಿದ ಸಾಲು ಕೋಣೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟಿದ್ದ. ಹಿಂದಿನ ವಾರ ಪಕ್ಕದ ಹಳ್ಳಿಯಲ್ಲಿ ಇಂಥವೇ ಕೋಣೆಗಳನ್ನು ಸರಕಾರದವರು ಯಂತ್ರ ತಂದು ಕೆಡವಿದ್ದರು. ಗುಡಿಗೆ ಒರಗಿದ್ದ ಒಂದು ಕೋಣೆ ಮಾತ್ರ ಉಳಿದಿತ್ತು. ಯಂತ್ರದವನು ಆ ಕಡೆ ಹೋಗಲು ಒಪ್ಪಲಿಲ್ಲವಂತೆ.

“ನಂಗೇನೂ ಗೊತ್ತಿಲ್ಲ ಅಂತೀನಿ. ಕೇಳುದ್ರೆ ನೀನೇ ಯೋಳ್ಬೇಕು ಕಣಯ್ಯ,” ಎಂದು ಚಿಕ್ಕಬೈರಪ್ಪ ದೂರ ನಿಂತ.

ಯಂಕಪ್ಪ ಬಾಡಿಗೆಗಿದ್ದ ಕೋಣೆಯೊಳಗೆ ಅವನ ಮಗಳು ಮಹಾನಂದಾ ಇದ್ದಳು. ಕುಬಸದ ಶಾಸ್ತ್ರ ಮುಗಿಸಿ, ಚೊಚ್ಚಲ ಹೆರಿಗೆ ತವರಿನಲ್ಲೇ ಆಗಲಿ ಎಂದು ಅತ್ತೆಯ ಮನೆಯವರು ಕಳುಹಿಸಿದ್ದರು. ತಾಯಿಯಿಲ್ಲದ ತವರು ಎಂದರೆ ಆ ಒಂದು ಕೋಣೆ. ಯಂಕಪ್ಪ ಬೇರೆ ಕಡೆಯೂ ಅಲೆದಿದ್ದ. ಹೆರಿಗೆಯ ಮಾತು ಎತ್ತಿದೊಡನೆ ಎಲ್ಲರೂ ಬಾಗಿಲು ಹಾಕಿಕೊಂಡಿದ್ದರು.

ಜೀಪಿನಿಂದ ಇಳಿದವನು ಸರ್ವೆ ಇಲಾಖೆಯ ನೀಲಪ್ಪ. ಅವನು ಗದರಲಿಲ್ಲ. ಎಷ್ಟು ಸಂಸಾರ, ನೀರು ಎಲ್ಲಿಂದ, ಚರಂಡಿ ಯಾವ ಕಡೆ ಎಂದು ಕೇಳಿದ. ಗೋಡೆ ತಟ್ಟಿ ನೋಡಿದ. ಕೆಡವಲು ಎಷ್ಟು ಹೊತ್ತು ಬೇಕಾದೀತೆಂದು ನೋಡುತ್ತಿದ್ದಾನೆ ಎಂದುಕೊಂಡ ಯಂಕಪ್ಪ.

ಬೇವಿನ ಮರದ ಬಳಿ ನೀಲಪ್ಪ ಚಪ್ಪಲಿ ಬಿಟ್ಟ.

“ಯಾವ ದೇವ್ರಪ್ಪ?”

“ಈಶ್ವರ್ರಿ, ಸಾಹೇಬ್ರ.”

“ತುಂಬಾ ಹಳೇದಾ?”

“ಅವಗ ವಯಸ್ಸು ಎಲ್ಲೈತ್ರಿ.”

ನೀಲಪ್ಪ ನಕ್ಕ. “ಅದೂ ಸರೀನೇ. ಹಂಗಾದ್ರೆ ಈ ರೂಮುಗಳಿಗಿಂತ ಮುಂಚೆಯಿಂದ ಇದೆ ಅನ್ನು.”

ಯಂಕಪ್ಪ ಕೋಣೆಯ ಕಡೆ ತಿರುಗಿ ನೋಡಿದ. ಬಾಗಿಲಲ್ಲಿ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು.

“ಹೌದ್ರಿ. ಮೊದಲ ಅವನ ಇದ್ದ. ನಾವು ಆಮ್ಯಾಲೆ ಬಂದ್ವಿ.”

ನೀಲಪ್ಪ ಹಣೆಗೆ ವಿಭೂತಿ ಇಟ್ಟುಕೊಂಡ. ನಕ್ಷೆಯ ಮೇಲೆ ಏನೋ ಗುರುತು ಮಾಡಿ ಹೊರಟುಹೋದ.

ಯಂತ್ರ ಬರಲಿಲ್ಲ. ಯಂಕಪ್ಪ ದಿನವೂ ಆ ಕಲ್ಲಿನ ಮುಂದೆ ಕುಳಿತು ತಪ್ಪು ಹೊಟ್ಟೆಗೆ ಹಾಕಿಕೋ ಎಂದು ಬೇಡಿದ. ಬೇಡುತ್ತ ಬೇಡುತ್ತ ಅದು ಕಲ್ಲೆಂಬುದೇ ಅವನಿಗೆ ಮರೆತುಹೋಯಿತು. ಅಕ್ಕಪಕ್ಕದವರು ಹೂವು ತಂದರು. ಚಿಕ್ಕಬೈರಪ್ಪ ಕಾಯಿ ಒಡೆಸಿದ.

“ನಿನ್ನ ದೇವ್ರು ಗಟ್ಟಿ ಕಣಯ್ಯ. ನಂಗೂ ಬಾಡಿಗೆ ಉಳೀತು.”

ಮಹಾನಂದಾಳಿಗೆ ದಿನ ತುಂಬುತ್ತ ಬಂದಿತ್ತು. ಆಗ ನೀಲಪ್ಪ ಮತ್ತೆ ಬಂದ. ಈ ಸಲ ಅವನ ಮುಖದಲ್ಲಿ ನಗುವಿತ್ತು. ಜನ ಸುತ್ತ ಸೇರಿದರು.

“ಆವತ್ತು ನಾನು ಕೆಡವೋಕೆ ಬಂದಿದ್ದಲ್ಲ ಕಣ್ರೀ. ಜನಕ್ಕೆ ಮನೆ ಸಾಲ್ತಿಲ್ಲ ಅಂತ ಹಸಿರು ವಲಯ ತೆಗೆದು ವಸತಿ ವಲಯ ಮಾಡೋಕೆ ಅಳತೆಗೆ ಬಂದಿದ್ದೆ. ಮಂಜೂರಾಯ್ತು. ಈ ಸುತ್ತಲಿನ ಮನೆ ಯಾವುದನ್ನೂ ಇನ್ನು ಯಾರೂ ಮುಟ್ಟೋ ಹಂಗಿಲ್ಲ.”

ಯಂಕಪ್ಪ ಕಲ್ಲಿನ ಮುಂದೆ ಅಡ್ಡಬಿದ್ದ. ನೀಲಪ್ಪ ಅವನನ್ನು ಹಿಡಿದೆತ್ತಿ, ಪ್ರೀತಿಯಿಂದಲೇ ಹೇಳಿದ:

“ಈ ಒಂದು ಹೊಲ ಮಾತ್ರ ದೇವಸ್ಥಾನದ ಜಾಗ ಅಂತ ಬರ್ಸಿದ್ದೀನಪ್ಪ, ನೀನೇ ಹೇಳ್ದಲ್ಲ ಅವನೇ ಮೊದಲು ಅಂತ, ಅದಕ್ಕೆ ಒತ್ತುವರಿ ಮಾಡಿರೋ ಈ ರೂಮುಗಳನ್ನ ನಾಳೆ ತೆಗೆಸ್ತಿದ್ದೀವಿ.”