ಎಣ್ಣೆ ಹಚ್ಚಿದ ತೊಗರಿ

2025ರ ಫೆಬ್ರುವರಿ 15, ಮಧ್ಯಾಹ್ನ 3.40. ಬೀದರಿನ ಹ್ಯಾಕಥಾನ್‌ನಲ್ಲಿ ಸ್ಪರ್ಧಿ ಮಹಾಮಾಯಾಳ, ಮಿದುಳಿನ ಮಾದರಿಯಲ್ಲಿ ಕಲಿಯುವ ಚಿಪ್, ತಟ್ಟೆಗೆ ಸುರಿಯುವ ತೊಗರಿಯ ಸದ್ದಿನಲ್ಲೇ ಕಲ್ಲನ್ನು ಗುರುತಿಸಬೇಕಿತ್ತು. ಕಲ್ಲಿಲ್ಲದ ತೊಗರಿಗೂ ಅದರ ಕೆಂಪು ದೀಪ ಮಿನುಗಿತು.

"ನಿಮ್ಮ ಮಿದುಳಿಗಿ ತಲಿನೋವು ಬಂದದೇನ್ರಿ?" ತೀರ್ಪುಗಾರರಾಗಿದ್ದ ಭಾಲ್ಕಿಯ ಬೇಳೆ ಗಿರಣಿ ಮಾಲೀಕ ಮಲ್ಲಿಕಾರ್ಜುನಪ್ಪ ನಕ್ಕರು. "ಇನ್ನೊಮ್ಮಿ ತಪ್ಪಿದ್ರ ಮುಂದಿನವರನ್ನ ಕರೀತೇನಿ."

ಮಹಾಮಾಯಾ ತೊಗರಿಯನ್ನು ಹಿಡಿಯಲ್ಲಿ ಉಜ್ಜಿದಳು. ಜಿಡ್ಡಿರಲಿಲ್ಲ. ಚಿಪ್‌ಗೆ ಅವಳು ಸದ್ದು ಕಲಿಸಿದ್ದು ಔರಾದಿನ ಗಿರಣಿಯಲ್ಲಿ, ಒಡೆಯುವ ಮೊದಲು ಎಣ್ಣೆ ಹಚ್ಚಿದ ತೊಗರಿಯಿಂದ. ಒಣ ತೊಗರಿಯ ಸದ್ದೇ ಬೇರೆ.

"ಅವಿನಾಶ, ನಿನ್ನ ಕೊಬ್ರಿ ಎಣ್ಣಿ ಕೊಡು."

"ಈಗ ತಲಿ ಬಾಚ್ಕೋತೀಯೇನ?" ಎನ್ನುತ್ತಲೇ ಗೆಳೆಯ ಬಾಟಲಿ ಕೊಟ್ಟ.

ಎಣ್ಣೆ ಸವರಿದ ತೊಗರಿ ಸುರಿದಾಗ ದೀಪ ಹತ್ತಲಿಲ್ಲ. ಮಲ್ಲಿಕಾರ್ಜುನಪ್ಪ ತಾವೇ ಒಂದು ಕಲ್ಲು ಬೆರೆಸಿ ಸುರಿದರು. ದೀಪ ಒಮ್ಮೆ ಮಿನುಗಿತು. ಅವರು ಆ ಕಲ್ಲನ್ನು ಹೆಕ್ಕಿ ತೂಗಿದರು: 0.1 ಗ್ರಾಂ, ಒಂದು ತೊಗರಿ ಕಾಳಿನಷ್ಟೇ.