ತಂಗಿ ಬರೆದ ವಾಕ್ಯ

ಮೊನ್ನೆ ಆಲೂಗಡ್ಡೆ ಲೋಡು ಇಳಿಸಲು ಮಂಗಳೂರಿಗೆ ಹೋದಾಗ, ದೋಣಿ ನಿಲ್ಲುವ ಕಟ್ಟೆಯನ್ನು ಅಲ್ಲಿನವರು ‘ದಕ್ಕೆ’ ಎಂದದ್ದು ಕೇಳಿ, ಆ ಮೀನಿನ ವಾಸನೆಯ ನಡುವೆ ನಮ್ಮೂರು ಸಾಲಗಾಮೆಯ ಮನೆಯ ಜಗಲಿ ನೆನಪಾಯಿತು.

ಎಷ್ಟೋ ವರ್ಷಗಳ ಹಿಂದೆ, ಆ ಜಗಲಿಯಲ್ಲಿ ಕೂತು, ನಾಲ್ಕನೇ ತರಗತಿಯ ತಂಗಿ ಮನೆಪಾಠಕ್ಕೆ ಆ ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಬೇಕಿತ್ತು.

“ಅಂಗಂದ್ರೇನಣ್ಣ?”

ಮೂರನೆಯದಕ್ಕೇ ಶಾಲೆ ಬಿಟ್ಟಿದ್ದ ನನಗೆ, ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು. “ಪೆಟ್ಟು, ತೊಂದ್ರೆ ಕಣೇ. ಅಷ್ಟೂ ತಿಳೀದಾ ದಡ್ಡಿ?” ಎಂದೆ. ಪೆಟ್ಟು ಎಂಬರ್ಥದ ‘ಧಕ್ಕೆ’ ಬೇರೆ ಪದ ಎಂದು ತಿಳಿದಿರಲಿಲ್ಲ. ನಮ್ಮ ಬಾಯಲ್ಲಿ ಎರಡೂ ಒಂದೇ. ಅವಳು ಅಕ್ಷರಗಳನ್ನು ಗುಂಡಗೆ ತೀಡಿ ಬರೆದಳು: ‘ನಮ್ಮಣ್ಣನಿಗೆ ಎಂದೂ ದಕ್ಕೆ ಆಗಬಾರದು.’

ಮರುದಿನ ಮಧ್ಯಾಹ್ನ ಕೆಂಪು ಗೀಟಿನ ಪುಟ ಹಿಡಿದು ಅಳುತ್ತ ಬಂದಳು. ಇಡೀ ತರಗತಿ ನಕ್ಕಿತ್ತಂತೆ. ಅವಳ ಓದು ಮೊದಲೇ ಬೇಡವಾಗಿದ್ದ ಅಪ್ಪ ಕೇಳಿದ, “ಯಾರೇ ಯೋಳ್ಕೊಟ್ಟಿದ್ದು?”

ಅವಳು ಒಮ್ಮೆ ನನ್ನತ್ತ ನೋಡಿದಳು. “ನಾನೇ ಬರ್ಕಂಡೆ ಕಣಪ್ಪ.”

“ಇಂಗೆ ಓದಾದಾದ್ರೆ ಇಸ್ಕೂಲು ಸಾಕು. ನಾಳೆಯಿಂದ ಕಳೆ ಕೀಳಾಕೆ ನಡಿ.”

ನಾನು ಬಾಯಿ ಬಿಡಬಹುದಿತ್ತು. ಉಗುರಿನ ಮಣ್ಣು ಕೆರೆಯುತ್ತ ಕುಳಿತೆ.

ಸಂಜೆ ಅವಳು ಪುಸ್ತಕಗಳನ್ನೆಲ್ಲ ತಂದು ನನ್ನ ಪಕ್ಕದಲ್ಲಿಟ್ಟಳು.

“ನೀನಾದ್ರೂ ಓದ್ಕೊಳಣ್ಣ,” ಎಂದಳು.