ಸೀಲಿಂಗಿಗೆ ಅಂಟಿದ ಬಲೂನು

ಊದಿ ಆರಿಸಿದ ಮೇಣದಬತ್ತಿಯ ಹೊಗೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಕಣ್ಣು ತಾನಾಗಿ ಸೀಲಿಂಗಿನ ಕಡೆ ಹೋಗುತ್ತದೆ.

ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ಅಂದು ನನ್ನ ಹುಟ್ಟುಹಬ್ಬ. ಎದುರು ಮನೆಯ ಕಾರ್ಕಳದ ಜೈನ ಮಾವ ಹೊತ್ತು ಮುಳುಗಿದ ಮೇಲೆ ಏನೂ ತಿನ್ನುವುದಿಲ್ಲವೆಂದು ಅಜ್ಜಿ ಮೊಟ್ಟೆಯಿಲ್ಲದ ಕೇಕನ್ನು ಬಿಸಿಲಿರುವಾಗಲೇ ಮೇಜಿನ ಮೇಲಿಟ್ಟಿದ್ದರು. ನಾನು ಮೇಣದಬತ್ತಿ ಊದಿದೆ. ಚಪ್ಪಾಳೆಯ ಗಡಿಬಿಡಿಯಲ್ಲಿ ಕೈಯಲ್ಲಿದ್ದ ಗ್ಯಾಸ್ ಬಲೂನು ಜಾರಿ ಸೀಲಿಂಗಿಗೆ ಅಂಟಿಕೊಂಡಿತು. ಅಳು ಬಂತು.

“ಅಳ್ಬೇಡ ಮಾರಾಯ್ತಿ,” ಎಂದರು ಮಾವ. “ಕರ್ಮದ ಭಾರ ಕಳೆದ ಜೀವ ಹೀಗೇ ಲೋಕದ ತುದಿಗೆ ಏರ್ತದೆ. ಅಲ್ಲೇ ಆನಂದವಾಗಿ ಇರ್ತದೆ, ವಾಪಸ್ ಬರುದಿಲ್ಲ. ಅದೇ ಮೋಕ್ಷ.”

ಮೇಲಿನ ಮಹಡಿಯ ಕಲಬುರಗಿ ಕಾಕಾ ಬೌದ್ಧರು. ಅವರು ಬತ್ತಿಯ ಹೊಗೆ ತೋರಿಸಿದರು. “ಈ ಉರಿ ಎಲ್ಲಿ ಹೋತು ಹೇಳವ್ವಾ? ಮ್ಯಾಲೋ, ಕೆಳಗೋ? ಎಲ್ಲಿಗೂ ಹೋಗಿಲ್ಲ, ಆರಿ ಹೋತು ಅಷ್ಟ. ಹಂಗ ಆಸೆ ಆರೋದಕ್ಕ ನಿರ್ವಾಣ ಅಂತಾರ.”

ವಾದ ಏರಿತು, ಕಿಟಕಿಯ ಬಿಸಿಲು ಇಳಿಯಿತು. ಕೊನೆಗೆ ಕಾಕಾ ಸ್ಟೂಲು ಹತ್ತಿ ಬಲೂನಿನ ದಾರ ಹಿಡಿದೆಳೆದರು. “ನಿಮ್ಮ ಮುಕ್ತಜೀವ ವಾಪಸ್ ಬಂತ್ ನೋಡ್ರಿ!”

ಮಾವ ಕಡ್ಡಿ ಗೀರಿ ಮೇಣದಬತ್ತಿ ಹಚ್ಚಿದರು. “ನಿಮ್ಮದೂ ಬಂತಲ್ಲ ಮಾರಾಯ್ರೆ!”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಮೋಕ್ಷ ಎಲ್ಲಿಗೂ ಓಡಿಹೋಗಲ್ಲ. ಹೊತ್ತು ಮುಳುಗತ್ತೆ, ಕೇಕ್ ತಿನ್ನಿ,” ಎಂದು ಅಜ್ಜಿ ಗದರಿದರು.

ನಾನು ಬಲೂನನ್ನು ಮಾವನ ಕುರ್ಚಿಗೆ ಗಂಟಿನ ಮೇಲೆ ಗಂಟು ಹಾಕಿ ಕಟ್ಟಿದೆ. ಮೇಣದಬತ್ತಿಯನ್ನು ಮತ್ತೆ ಊದಲು ಯಾರಿಗೂ ಬಿಡಲಿಲ್ಲ.